ಪೂಜೆಗಿಟ್ಟ ಪಾನಾ

ಗೆದ್ದ ಕಪ್ಪಿನಲ್ಲಿ ಬಡೇಸೋಪು ತುಂಬಿಸಿಟ್ಟಿದ್ದರು.

ಅಂಧೇರಿ ಸ್ಟೇಷನ್ನಿನ ಎದುರು ಚೆನ್ನಯಣ್ಣನ ಹೋಟೆಲು. ಅದರ ಗಲ್ಲಾದ ಮೇಲೆ ಈ ವರ್ಷದ ಜೂನಿಯರ್ ಕಾರ್ ರೇಸಿನ ಬೆಳ್ಳಿ ಕಪ್ಪು, ಕುತ್ತಿಗೆಗೆ ಚೆಂಡುಹೂವಿನ ಮಾಲೆ. ದೋಸೆ ತಿಂದವರು ಎಣ್ಣೆಗೈಯನ್ನೇ ಅದರೊಳಗೆ ಇಳಿಸಿ, ಒಂದು ಚಿಟಿಕೆ ಬಾಯಿಗೆಸೆದುಕೊಂಡು, ಬೇಟಿ ಗೆದ್ದಳಂತೆ, ಬಧಾಯಿ ಹೋ ಸೇಠ್ ಎನ್ನುತ್ತ ಹೊರಡುತ್ತಿದ್ದರು. ಚೆನ್ನಯಣ್ಣ ಪ್ರತಿಯೊಬ್ಬರಿಗೂ ಕೈಮುಗಿಯುತ್ತಿದ್ದ.

ಮೂರು ದಿನದ ಹಿಂದೆ, ದಸರೆಯ ಬೆಳಿಗ್ಗೆ, ಇದೇ ಕಪ್ಪಿಗಾಗಿ ಓಡಿದ ಕೊನೆಯ ರೇಸಿನಲ್ಲಿ ಪರ್ವೇಜ್ ಎಂಬ ಇಪ್ಪತ್ತು ವರ್ಷದ ಹುಡುಗ ಸತ್ತಿದ್ದ. ಅವನ ಹೆಣ ಆಸ್ಪತ್ರೆಯಿಂದ ಮನೆಗೆ ಬರುವ ಮೊದಲೇ ಕಪ್ಪು ಹೋಟೆಲಿಗೆ ಬಂದಿತ್ತು.

ನಾನು ಆ ಬಡೇಸೋಪು ಮುಟ್ಟಲಿಲ್ಲ. ಪೊಲೀಸ್ ಖಾತೆಯ ಮೋಟಾರ್ ವರ್ಕ್‌ಶಾಪಿನಲ್ಲಿ ಹದಿನೆಂಟು ವರ್ಷ ಹವಾಲ್ದಾರನಾಗಿದ್ದವನು ನಾನು. ನಜ್ಜುಗುಜ್ಜಾದ ಗಾಡಿಯೊಳಗಿಂದ ಮನುಷ್ಯರನ್ನು ಕೆರೆದು ತೆಗೆಯುವುದನ್ನು ನೋಡಿ, ಕೈ ತೊಳೆದು ಊಟಕ್ಕೆ ಕೂತಿದ್ದೇನೆ. ಸತ್ತವರು ನನಗೆ ಎಂದೂ ಅಸಹ್ಯ ಹುಟ್ಟಿಸಿದವರಲ್ಲ. ಬದುಕಿದ್ದವರ ಮಾತು ಬೇರೆ.

ಒಬ್ಬ ಸಾಹೇಬನ ಸುಳ್ಳು ರಿಪೋರ್ಟಿಗೆ ರುಜು ಹಾಕಲಾರೆ ಎಂದದ್ದಕ್ಕೆ ಕೆಲಸ ಹೋಯಿತು. ಈಗ ಗುರಲಿಂಗಪ್ಪ ವಕೀಲರಿಗಾಗಿ ಅಲ್ಲಿ ಇಲ್ಲಿ ಮೂಗು ತೂರಿಸುವುದೇ ನನ್ನ ಕಸುಬು. ಹೆಸರು ದೂಜ.

ಗಡಿಯಾರ ಒಂಬತ್ತು ತೋರಿಸುತ್ತಿತ್ತು. ಹನ್ನೊಂದಕ್ಕೆ ಕೋರ್ಟಿನಲ್ಲಿ ನಿಂಗಣ್ಣನನ್ನು ನಿಲ್ಲಿಸುತ್ತಾರೆ. ಪರ್ವೇಜನ ಗಾಡಿಯ ಮೆಕ್ಯಾನಿಕ್ ಅವನು. ಗಾಡಿ ಕೆಡಿಸಿ ಹುಡುಗನನ್ನು ಕೊಂದ ಎಂಬ ಆರೋಪ. ಅವನ ಪರ ನಮ್ಮ ವಕೀಲರು. ಇವತ್ತು ನಾನು ಬರಿಗೈಲಿ ಹೋದರೆ ಅವನು ಮತ್ತೆ ಹೊರಗಿನ ಗಾಳಿ ಕುಡಿಯುವುದು ಯಾವಾಗಲೋ.

ಅವನ ಹೆಂಡತಿ ಹಾಲವ್ವ ಹೋಟೆಲಿನ ಹೊರಗೆ ಫುಟ್‌ಪಾತಿನ ಮೇಲೆ ಕೂತಿದ್ದಳು. ಮಡಿಲಲ್ಲಿ ಒಂದು ಬಟ್ಟೆಯ ಗಂಟು. ಗಂಡ ಕೋರ್ಟಿನಲ್ಲಿ ಹಾಕಿಕೊಳ್ಳಲೆಂದು ಒಗೆದು ಮಡಚಿ ತಂದ ಅಂಗಿ. ಅವಳು ಇದೇ ಹೋಟೆಲಿನಲ್ಲಿ ಹಿಟ್ಟು ನಾದುತ್ತಿದ್ದವಳು. ನಿಂಗಣ್ಣನನ್ನು ಹಿಡಿದ ಸಂಜೆಯೇ ಚೆನ್ನಯಣ್ಣ ಅವಳನ್ನು ಕೆಲಸದಿಂದ ಬಿಡಿಸಿದ್ದ. ಕೊಲೆಗಾರನ ಮನೆಯವಳು ನಾದಿದ ಹಿಟ್ಟಿನ ಪೂರಿಯನ್ನು ಗಿರಾಕಿಗಳು ತಿನ್ನುವುದಿಲ್ಲವಂತೆ. ಒಳಗೆ ಬಾ ಎಂದು ನಾನು ಕರೆದರೂ ಅವಳು ಹೊಸಿಲು ದಾಟಲಿಲ್ಲ.

ಗಾಡಿಗಳ ವಿಷಯ ಇಷ್ಟು. ಒಬ್ಬರೇ ಕೂರುವ, ತಲೆಯ ಮೇಲೆ ಸೂರಿಲ್ಲದ, ನಾಲ್ಕು ಚಕ್ರವೂ ಹೊರಗೇ ಇರುವ ಬಡಕಲು ಗಾಡಿಗಳು. ಪರ್ವೇಜನ ಅಪ್ಪ, ದೊಡ್ಡ ಸೇಠ್, ಒಂದೇ ಅಚ್ಚಿನಲ್ಲಿ ಎರಡು ಕೆಂಪು ಗಾಡಿ ಮಾಡಿಸಿದ್ದ. ಎರಡಕ್ಕೂ ನಿಂಗಣ್ಣನೇ ಮೆಕ್ಯಾನಿಕ್. ಎಂಟನೇ ನಂಬರು ಮಗನಿಗೆ. ಐದನೇ ನಂಬರು ಚೆನ್ನಯಣ್ಣನ ಮಗಳು ವಿನೋದಿನಿಗೆ. ಹುಡುಗಿಯೊಬ್ಬಳು ರೇಸು ಓಡಿಸಿದರೆ ಪೇಪರಿನವರು ಫೋಟೋ ಹಾಕುತ್ತಾರೆ ಎಂಬ ಒಂದೇ ಕಾರಣಕ್ಕೆ ಕೊಟ್ಟದ್ದು. ಆದರೆ ಅವಳು ಫೋಟೋಕ್ಕೆ ನಿಲ್ಲುವ ಜಾತಿಯಲ್ಲ. ಮದ್ರಾಸಿನಲ್ಲಿ ಎರಡು, ಕಲ್ಕತ್ತೆಯಲ್ಲಿ ಒಂದು, ಇಲ್ಲಿ ಒಂದು ರೇಸು ಮುಗಿಯುವ ಹೊತ್ತಿಗೆ ಅವಳು ಪರ್ವೇಜನಿಗಿಂತ ಎರಡು ಪಾಯಿಂಟ್ ಮುಂದಿದ್ದಳು.

ಐದನೆಯದು ಜುಹೂ ವಿಮಾನ ಮೈದಾನದಲ್ಲಿ. ಮೂರನೇ ಸುತ್ತಿನ ತಿರುವಿನಲ್ಲಿ ಎಂಟನೇ ನಂಬರಿನ ಸ್ಟಿಯರಿಂಗ್ ಕೈಕೊಟ್ಟಿತು. ರೇಸು ಅಲ್ಲಿಗೇ ನಿಂತಿತು. ನಾಲ್ಕು ರೇಸಿನ ಲೆಕ್ಕದ ಮೇಲೆ ಕಪ್ಪು ವಿನೋದಿನಿಗೆ ಬಂತು.

ಸ್ಟಿಯರಿಂಗಿನ ಸಲಾಕೆಯನ್ನು ಚಕ್ರಕ್ಕೆ ಹಿಡಿದಿಡುವ ಒಂದು ನಟ್ಟು ಇರುತ್ತದೆ. ಅದು ತಾನಾಗಿ ಸಡಿಲವಾಗದಂತೆ ಅಡ್ಡಲಾಗಿ ಒಂದು ಪಿನ್ನು. ಪೊಲೀಸರಿಗೆ ನಟ್ಟು ರನ್‌ವೇ ಮೇಲೆ ಸಿಕ್ಕಿತು, ಪಿನ್ನು ಸಿಗಲಿಲ್ಲ. ನಟ್ಟಿನ ಸಂದಿಯಲ್ಲಿ ಕುಂಕುಮ ಮೆತ್ತಿತ್ತು. ನಟ್ಟು ಬಿಗಿಯುವ ನಿಂಗಣ್ಣನ ಪಾನಾಗಳೆಲ್ಲ ಮೈದಾನದ ಶೆಡ್ಡಿನ ಮೂಲೆಯಲ್ಲಿ ಕುಂಕುಮ ಹಚ್ಚಿಕೊಂಡು ಪೂಜೆಗೆ ಕೂತಿದ್ದವು. ಇನ್ಸ್‌ಪೆಕ್ಟರಿಗೆ ಇನ್ನೇನು ಬೇಕು?

ಸಿಟ್ಟಿಗೂ ಕಾರಣ ಸಿಕ್ಕಿತು. ಖಂಡೇನವಮಿಯ ದಿನ ಪಾನಾ ಮುಟ್ಟುವುದಿಲ್ಲವೆಂದು ನಿಂಗಣ್ಣ ಹಟ ಹಿಡಿದಾಗ ಸೇಠ್ ಹತ್ತು ಜನರೆದುರು ಅವನನ್ನು ಜಂಗ್ಲಿ ಎಂದು ಬೈದಿದ್ದ.

ಆ ಹಟವೇ ಅವನನ್ನು ಉಳಿಸಬೇಕು ಎಂಬುದು ನಮ್ಮ ಲೆಕ್ಕ. ಅವನು ಇಂಡಿ ತಾಲೂಕಿನವನು. ನವಮಿಗೆ ಆಯುಧಗಳನ್ನು ಪೂಜೆಗೆ ಇಟ್ಟರೆ, ಮರುದಿನ ಸಂಜೆ ಬನ್ನಿ ಮುಡಿಯುವ ತನಕ ಎತ್ತುವಂತಿಲ್ಲ. ಎತ್ತಿದರೆ ಕೈಗೆ ಕೇಡು. ಅದಕ್ಕೇ ಅವನು ಅಷ್ಟಮಿಯ ದಿನವೇ ಎರಡೂ ಗಾಡಿಯ ಒಂದೊಂದು ನಟ್ಟನ್ನೂ ಬಿಗಿದು, ಪಿನ್ನು ಹಾಕಿ ಮುಗಿಸಿದ್ದ. ನವಮಿಯಿಂದ ಅವನು ಪಾನಾ ಮುಟ್ಟಿಲ್ಲವೆಂದು ಹಾಲವ್ವ ಕೋರ್ಟಿನಲ್ಲಿ ಹೇಳುವವಳಿದ್ದಳು. ರೇಸಿನ ದಿನ ಶೆಡ್ಡಿನ ಪಕ್ಕದಲ್ಲೇ ಚೆನ್ನಯಣ್ಣನ ಕ್ಯಾಂಟೀನು. ಬೆಳಗಿನ ಜಾವದಿಂದ ಅವಳು ಅಲ್ಲೇ ಪೂರಿ ಒತ್ತುತ್ತಿದ್ದಳು.

ಆದರೆ ಹೆಂಡತಿಯ ಸಾಕ್ಷಿಯನ್ನು ಯಾರು ನಂಬುತ್ತಾರೆ? ನಿಂಗಣ್ಣನೋ ಲಾಕಪ್ಪಿನಲ್ಲಿ ಬಾಯಿಗೆ ಬೀಗ ಹಾಕಿ ಕೂತಿದ್ದ. ಮಾಡಿಲ್ಲ ಎನ್ನುವುದಿಲ್ಲ, ಮಾಡಿದೆ ಎನ್ನುವುದಿಲ್ಲ.

ನಿನ್ನೆ ಹಳೆಯ ಪರಿಚಯದ ಮುಲಾಜಿನಿಂದ ಠಾಣೆಯಲ್ಲಿ ಆ ಪಾನಾಗಳನ್ನು ಹತ್ತು ನಿಮಿಷ ನೋಡಿದೆ. ಒಟ್ಟು ಹದಿನಾಲ್ಕು. ಹದಿಮೂರಕ್ಕೆ ವಿಭೂತಿಯ ಮೂರು ಗೆರೆ, ಮೇಲೆ ಕುಂಕುಮ. ಒಂದಕ್ಕೆ ಮಾತ್ರ ವಿಭೂತಿ ಇಲ್ಲ. ಅದಕ್ಕೆ ಗಂಧ ಹಚ್ಚಿ, ಗಂಧದ ಮೇಲೆ ಕುಂಕುಮ ಇಟ್ಟಿತ್ತು. ಆ ಪಾನಾ ಸರಿಯಾಗಿ ಆ ನಟ್ಟಿನ ಅಳತೆಯದು.

ಅದನ್ನು ಮಗುಚಿ ನೋಡಿದೆ. ಅಡಿಗೂ ಗಂಧ, ಅಡಿಗೂ ಕುಂಕುಮ.

ಗಂಧ ಹಚ್ಚುವವರು ಮುಂಬಯಿಯಲ್ಲಿ ಸಾವಿರ ಜನ ಇದ್ದಾರೆ. ನಾನೂ ಹಚ್ಚುತ್ತೇನೆ. ಮಗುಚಿ ಅಡಿಗೂ ಹಚ್ಚುವವನನ್ನು ಮಾತ್ರ ನಾನು ಒಬ್ಬನನ್ನೇ ಕಂಡಿದ್ದೆ. ಕೆಲಸ ಹೋದ ವರ್ಷ ಆರು ತಿಂಗಳು ಬಿಲ್ಲು ಕೊಡದೆ ನನಗೆ ಊಟ ಹಾಕಿದವನು ಅವನು.

ಇವತ್ತು ಶುಕ್ರವಾರ. ಚೆನ್ನಯಣ್ಣ ಗಲ್ಲಾದ ಹಿಂದಿನ ದೇವರ ಗೂಡಿನ ಎದುರು ಗಂಧ ತೇಯುತ್ತಿದ್ದ. ತೆಂಗಿನಕಾಯಿ ಒಡೆಯುವ ಕತ್ತಿ, ತಿಜೋರಿಯ ಬೀಗದ ಕೈ, ದೋಸೆ ಮಗುಚುವ ಸಟ್ಟುಗ, ಎಲ್ಲ ತಟ್ಟೆಯಲ್ಲಿ ಸಾಲಾಗಿ ಮಲಗಿದ್ದವು. ನಾನು ಚೀಲದಿಂದ ನನ್ನದೇ ಒಂದು ಪಾನಾ ತೆಗೆದು ತಟ್ಟೆಯ ತುದಿಗಿಟ್ಟೆ.

“ಈ ದಸರೆಗೆ ನನ್ನ ಪಾನಾಕ್ಕೆ ಪೂಜೆಯೇ ಆಗಲಿಲ್ಲ ಚೆನ್ನಯಣ್ಣ. ನಿಮ್ಮ ಕೈಯಿಂದ ಒಂದು ಬೊಟ್ಟು ಇಡಿ.”

ಅವನಿಗೆ ಸಂತೋಷವಾಯಿತು. ನಾವಿಬ್ಬರೂ ಸೇರಿದರೆ ಯಾವಾಗಲೂ ತುಳುವೇ. ಇವತ್ತು ನಾನು ಕನ್ನಡದಲ್ಲಿ ಮಾತಾಡಿದ್ದನ್ನು ಅವನು ಗಮನಿಸಲಿಲ್ಲ. ಉಂಗುರ ಬೆರಳಿನಿಂದ ಗಂಧ ಹಚ್ಚಿದ, ಅದರ ನಡುವೆ ಕುಂಕುಮ ಇಟ್ಟ, ಒಣಗಲೆಂದು ಎರಡು ಸಲ ಊದಿದ. ಆಮೇಲೆ ಪಾನಾವನ್ನು ಮೆಲ್ಲಗೆ ಮಗುಚಿ ಅಡಿಗೂ ಹಾಗೆಯೇ ಇಟ್ಟು ಕಣ್ಣಿಗೊತ್ತಿಕೊಂಡು ಕೊಟ್ಟ.

ಅಡಿಗೂ ಯಾಕೆ ಎಂದು ಕೇಳಿದೆ.

“ಕೆಲಸ ಮಾಡುವ ಸಾಮಾನಿಗೆ ಒಂದೇ ಕಡೆ ಮುಖ ಇರುವುದಾ? ನಮ್ಮ ಅಪ್ಪ ಹೀಗೇ ಇಡುತ್ತಿದ್ದದ್ದು. ಈ ಬೊಂಬಾಯಿಯಲ್ಲಿ ಹೀಗೆ ಇಡುವವ ನಾನೊಬ್ಬನೇ ಅಂತ ಕಾಣ್ತದೆ.” ಅವನ ದನಿಯಲ್ಲಿ ಹೆಮ್ಮೆ ಇತ್ತು.

ನಾನು ಕಿಸೆಯಿಂದ ಒಂದು ಪೊಟ್ಟಣ ತೆಗೆದು ಬಿಚ್ಚಿದೆ. ಠಾಣೆಯ ಪಾನಾದಿಂದ ಉಗುರಿನಲ್ಲಿ ಕೆರೆದು ತಂದ ಒಣಗಿದ ಗಂಧ.

“ಹಾಗಾದರೆ ನಿಂಗಣ್ಣನ ಪಾನಾಕ್ಕೆ ಇಟ್ಟವರೂ ನೀವೇ.”

ಚೆನ್ನಯಣ್ಣನ ಮುಖದಿಂದ ನೆತ್ತರು ಇಳಿಯಿತು. ತುಳುವಿನಲ್ಲಿ ಏನೋ ಗೊಣಗಿದ. ನಾನು ಕನ್ನಡದಲ್ಲೇ, ಇಲ್ಲಿ ಹೇಳುತ್ತೀರಾ ಅಥವಾ ಕೋರ್ಟಿನಲ್ಲಾ ಎಂದೆ. ಅವನು ಗಲ್ಲಾವನ್ನು ಮ್ಯಾನೇಜರಿಗೆ ಬಿಟ್ಟು, ನನ್ನ ತೋಳು ಹಿಡಿದು, ಅಡುಗೆಮನೆಯ ಹಿಂದಿನ ಉಗ್ರಾಣಕ್ಕೆ ಕರೆದೊಯ್ದ. ಅಲ್ಲಿ ತೆಂಗಿನಕಾಯಿಯ ರಾಶಿ, ಕೊಳೆತ ಈರುಳ್ಳಿಯ ನಾತ. ಆ ನಾತವೇ ಎಷ್ಟೋ ಮೇಲೆನಿಸಿತು.

ಮೊದಲು ಆಣೆ ಹಾಕಿದ. ನಟ್ಟು ಸಡಿಲ ಮಾಡಿದವನು ತಾನಲ್ಲ ಎಂದ. ನಾನು ಪೊಟ್ಟಣವನ್ನು ಮತ್ತೆ ಅವನ ಕಣ್ಣೆದುರು ಹಿಡಿದೆ.

ರೇಸಿನ ದಿನ ಬೆಳಿಗ್ಗೆ ಐದೂವರೆಗೆ ಅವನು ಮಗಳ ಗಾಡಿಯ ಎದುರು ಕಾಯಿ ಒಡೆಯಲೆಂದು ಶೆಡ್ಡಿಗೆ ಹೋಗಿದ್ದನಂತೆ. ಬಾಗಿಲ ಹತ್ತಿರ ಬರುವಾಗ ಒಳಗೆ ಯಾರೋ ಇರುವ ಸದ್ದು ಕೇಳಿ ನಿಂತ.

“ಪರ್ವೇಜ್ ಗಾಡಿಯ ಅಡಿಯಿಂದ ಹೊರಗೆ ಬಂದದ್ದು ನಾನು ನೋಡಿದೆ. ಐದನೇ ನಂಬರು. ನನ್ನ ಮಗಳ ಗಾಡಿ.”

ಹುಡುಗ ಪಾನಾವನ್ನು ಚಿಂದಿಯಲ್ಲಿ ಒರೆಸಿ, ಅಲ್ಲೇ ಬಿಸಾಡಿ, ಹಿಂಬಾಗಿಲಿನಿಂದ ಹೋದನಂತೆ. ಎರಡು ಪಾಯಿಂಟಿಗಾಗಿ ಜೊತೆಗೆ ಓಡುವ ಹುಡುಗಿಯ ಸ್ಟಿಯರಿಂಗ್ ಸಡಿಲ ಮಾಡಿದ ಮಹಾರಾಯ. ಸತ್ತವನ ಬಗ್ಗೆ ಕೆಟ್ಟದ್ದಾಡಬಾರದು ಎನ್ನುತ್ತಾರೆ. ಆಡದೆ ಇರುವುದು ಆ ಹೊತ್ತು ನನ್ನಿಂದ ಆಗಲಿಲ್ಲ.

“ಆಮೇಲೆ ನೀವು ಎಂತ ಮಾಡಿದ್ದು?”

“ಪಾನಾ ನೆಲದ ಮೇಲೆ ಬೋಳು ಬಿದ್ದಿತ್ತು. ಪೂಜೆಗಿಟ್ಟದ್ದು ಹಾಗೆ ಬೋಳು ಇರಬಾರದಲ್ಲ ದೂಜ. ಕ್ಯಾಂಟೀನಿನಿಂದ ಗಂಧ ತಂದು ಹಚ್ಚಿ, ಅದರ ಜಾಗದಲ್ಲಿ ಇಟ್ಟೆ.”

ನಾನು ಅವನ ಮುಖವನ್ನೇ ನೋಡಿದೆ. ತಮಾಷೆಯಲ್ಲ. ನಿಜಕ್ಕೂ ಅವನು ಭಕ್ತಿಯಿಂದಲೇ ಹೇಳುತ್ತಿದ್ದ. ಮಗಳ ಜೀವ ಹಿಡಿದಿಡುವ ನಟ್ಟು ಸಡಿಲವಾಗಿದೆ, ಅದನ್ನು ಬಿಗಿಯುವ ಪಾನಾ ಕೈಯಲ್ಲೇ ಇದೆ. ಈ ಮನುಷ್ಯ ಅದಕ್ಕೆ ಬೊಟ್ಟು ಇಟ್ಟು ಕೆಳಗಿಟ್ಟ. ಮಸುಕು ಬೆಳಕಿನಲ್ಲಿ ಉಳಿದವುಗಳ ಮೇಲಿನ ವಿಭೂತಿಯೂ ಅವನಿಗೆ ಕಾಣಲಿಲ್ಲ. ಕೈ ತನ್ನ ಅಭ್ಯಾಸದಂತೆ ನಡೆದುಕೊಂಡಿತು.

“ನಟ್ಟು ಬಿಗಿಯಬೇಕು ಅಂತ ತೋರಲಿಲ್ಲವಾ?”

“ನನಗೆ ಗಾಡಿ ಕೆಲಸ ಎಂತ ಗೊತ್ತು ಮಾರಾಯ? ಯಾವ ನಟ್ಟು ಅಂತ ಹುಡುಕುವುದು? ನಿಂಗಣ್ಣ ಬಂದ ಕೂಡಲೇ ಅವನಿಗೆ ಹೇಳಿದೆ. ಸಂಜೆ ಬನ್ನಿ ಮುಡಿಯುವವರೆಗೆ ಪಾನಾ ಹಿಡಿಯುವಂತಿಲ್ಲ, ನೀವು ಚಿಂತೆ ಮಾಡಬೇಡಿ, ನಾನು ನೋಡಿಕೊಳ್ಳುತ್ತೇನೆ ಅಂದ.”

“ಅಷ್ಟಕ್ಕೇ ಮಗಳನ್ನು ಗಾಡಿಗೆ ಹತ್ತಿಸಿದಿರಾ?”

ನಿಂಗಣ್ಣ ಹೇಳಿದನೆಂದರೆ ಹೇಳಿದ ಹಾಗೇ ಎಂದು ಚೆನ್ನಯಣ್ಣ ತಲೆ ತಗ್ಗಿಸಿದ. ರೇಸಿನವರಿಗೆ ಯಾಕೆ ದೂರು ಕೊಡಲಿಲ್ಲ ಎಂದು ಕೇಳಿದೆ. ಕೊಟ್ಟರೆ ರೇಸು ನಿಲ್ಲುತ್ತಿತ್ತು ಎಂದ. ಸೇಠನ ಮಗನ ಮೇಲೆ ಹೋಟೆಲಿನವನ ಮಾತನ್ನು ಯಾರು ನಂಬುತ್ತಿದ್ದರು, ಸೇಠ್ ಮತ್ತೆಂದಾದರೂ ಗಾಡಿ ಕೊಡುತ್ತಿದ್ದನಾ, ಅವಳು ಕಪ್ಪಿಗಾಗಿ ವರ್ಷವಿಡೀ ನಿದ್ದೆಗೆಟ್ಟದ್ದು ಏನಾಗಬೇಕು ಎಂದೆಲ್ಲ ನನ್ನನ್ನೇ ಕೇಳಿದ. ಮಾತಾಡುತ್ತ ಮಾತಾಡುತ್ತ ಅವನ ದನಿಗೆ ಧೈರ್ಯ ಬರತೊಡಗಿತು. ತಾನೇ ನೊಂದವನು ಎಂಬ ಹಾಗೆ.

“ಮೂರು ದಿನದಿಂದ ನಿಂಗಣ್ಣ ಲಾಕಪ್ಪಿನಲ್ಲಿ ಇದ್ದಾನಲ್ಲ. ಅವನ ಹೆಂಡತಿಯನ್ನು ಹೊರಗೆ ಹಾಕಿದಿರಲ್ಲ.”

“ನಾನು ಬಾಯಿ ಬಿಟ್ಟರೆ ಕಪ್ಪು ವಾಪಸು ಕೇಳ್ತಾರೆ ದೂಜ.”

ಇವನ ಮನೆಯ ಅನ್ನ ಆರು ತಿಂಗಳು ತಿಂದಿದ್ದೇನೆ. ಅಷ್ಟನ್ನೂ ಅಲ್ಲೇ ಕಕ್ಕಿಬಿಡಬೇಕು ಎನಿಸಿತು. ತನ್ನ ಮಗಳ ಗಾಡಿ ನೋಡಿಕೊಂಡವನು ಜೈಲಿನಲ್ಲಿ ಕೊಳೆತರೂ ಸರಿ, ಗಲ್ಲಾದ ಮೇಲೆ ಬೆಳ್ಳಿ ಹೊಳೆಯುತ್ತಿರಬೇಕು. ನಮ್ಮೂರಿನವನು, ನಮ್ಮ ಭಾಷೆಯವನು ಎಂದು ಇಷ್ಟು ವರ್ಷ ಎದೆಯುಬ್ಬಿಸಿ ಹೇಳಿಕೊಂಡಿದ್ದೆ. ನಾಚಿಕೆಯಾಯಿತು.

ವಿನೋದಿನಿಗೆ ಇದೆಲ್ಲ ಗೊತ್ತೇ ಎಂದು ಕೇಳಿದೆ. ಗೊತ್ತಿಲ್ಲವಂತೆ. ದಸರೆಯಿಂದ ಮೇಲಿನ ಕೋಣೆಯಿಂದ ಇಳಿದಿಲ್ಲ, ಊಟ ಬಿಟ್ಟಿದ್ದಾಳೆ, ಕಪ್ಪಿನ ಮುಖವನ್ನೂ ನೋಡಿಲ್ಲ ಎಂದ. ಆ ಮನೆಯಲ್ಲಿ ಒಬ್ಬಳಿಗಾದರೂ ಅನ್ನ ಇಳಿಯುತ್ತಿಲ್ಲವಲ್ಲ ಎಂದು ನನಗೆ ಸ್ವಲ್ಪ ಸಮಾಧಾನವಾಯಿತು.

ಆದರೆ ಒಂದು ಗಂಟು ಬಿಚ್ಚಿರಲಿಲ್ಲ.

“ಪರ್ವೇಜ್ ಕೈಯಾಡಿಸಿದ್ದು ಐದನೇ ನಂಬರಿಗೆ. ಸತ್ತದ್ದು ಎಂಟನೇ ನಂಬರಿನಲ್ಲಿ. ಅದು ಹೇಗೆ?”

ಚೆನ್ನಯಣ್ಣ ತಲೆಯ ಮೇಲಿನ ತಗಡಿನ ಸೂರಿನತ್ತ ಕೈ ಎತ್ತಿದ. “ಅದು ನನಗೆ ಗೊತ್ತಿಲ್ಲ. ಪರರಿಗೆ ತೋಡಿದ ಗುಂಡಿಗೆ ತಾನೇ ಬಿದ್ದ. ಮೇಲೆ ಒಬ್ಬ ಇದ್ದಾನಲ್ಲ.”

ಮೇಲಿರುವವನ ಹೆಗಲಿಗೆ ಹೊರೆ ದಾಟಿಸುವುದು ಎಷ್ಟು ಸುಲಭ. ಗಾಬರಿಯಲ್ಲಿ ನಂಬರು ನೋಡಿದ್ದು ತಪ್ಪಿರಬಹುದು, ಅಥವಾ ಹುಡುಗ ಕತ್ತಲಲ್ಲಿ ತನ್ನದೇ ಗಾಡಿಯ ಅಡಿಗೆ ನುಸುಳಿರಬಹುದು ಎಂದುಕೊಂಡೆ. ಒಂದೇ ಅಚ್ಚಿನ ಗಾಡಿಗಳಲ್ಲವೇ? ಅದನ್ನು ಆಮೇಲೆ ನೋಡಿಕೊಳ್ಳೋಣ. ನಿಂಗಣ್ಣ ನಟ್ಟು ಮುಟ್ಟಿಲ್ಲ ಎಂದು ಹೇಳಲು ಕಣ್ಣಾರೆ ಕಂಡ ಸಾಕ್ಷಿಯೇ ಸಿಕ್ಕಿದ್ದ. ನನಗೆ ಬೇಕಾದದ್ದು ಅದು.

ಹನ್ನೊಂದಕ್ಕೆ ಕೋರ್ಟಿಗೆ ಬಂದು ಕಂಡದ್ದನ್ನು ಹೇಳಬೇಕು, ಇಲ್ಲವಾದರೆ ಈ ಪೊಟ್ಟಣವೂ ನಿಮ್ಮ ಎರಡು ಮುಖದ ಬೊಟ್ಟೂ ನಿಮ್ಮನ್ನೇ ನಿಂಗಣ್ಣನ ಜಾಗದಲ್ಲಿ ಕೂರಿಸುತ್ತವೆ ಎಂದೆ. ಅವನು ಕೋಟು ಹಾಕಿಕೊಂಡು ಬರುತ್ತೇನೆ ಎಂದು ಮಹಡಿ ಹತ್ತಿದ.

ಹೊರಗೆ ಬಂದೆ. ಅಂಧೇರಿಯ ಬಿಸಿಲು, ಬಸ್ಸಿನ ಹೊಗೆ, ಆದರೂ ಉಸಿರಾಡುವುದಕ್ಕೆ ಹಿತವಾಗಿತ್ತು. ಟ್ಯಾಕ್ಸಿಯೊಂದನ್ನು ನಿಲ್ಲಿಸಿ ಹಾಲವ್ವನ ಹತ್ತಿರ ಹೋದೆ. ಚೆನ್ನಯಣ್ಣ ಸಾಕ್ಷಿ ಹೇಳುತ್ತಾನೆ, ನಿಂಗಣ್ಣ ಇವತ್ತು ಮನೆಗೆ ಬಂದರೂ ಬರಬಹುದು ಎಂದೆ.

ಮೂರು ದಿನದಲ್ಲಿ ಮೊದಲ ಸಲ ಅವಳ ಮುಖ ಅರಳಿತು. ಸೆರಗಿನಿಂದ ಕಣ್ಣೊರೆಸಿಕೊಂಡು, ಗಂಟನ್ನು ಎದೆಗವಚಿಕೊಂಡು ಎದ್ದು ನಿಂತಳು. ವಡಾಲದ ಚಾಳಿನಲ್ಲಿ ನಿನ್ನೆ ಅವಳಿಗೆ ನಾನೇ ಪಾಠ ಹೇಳಿ ಬಂದಿದ್ದೆ. ಕಂಡದ್ದನ್ನು ಕಂಡ ಹಾಗೆ ಹೇಳು, ಒಂದು ಕಾಳು ಹೆಚ್ಚೂ ಬೇಡ, ಕಮ್ಮಿಯೂ ಬೇಡ ಎಂದು. ರಾತ್ರಿಯೆಲ್ಲ ಅದನ್ನೇ ಬಾಯಿಪಾಠ ಮಾಡಿದ್ದಾಳೆಂದು ಕಾಣುತ್ತದೆ. ನಾನು ಟ್ಯಾಕ್ಸಿಯ ಬಾಗಿಲು ತೆರೆಯುತ್ತಿದ್ದಂತೆ ಒಮ್ಮೆ ಒಪ್ಪಿಸಿ ನೋಡುತ್ತೇನೆ ಎಂದಳು.

“ಅವತ್ತ ಮುಂಜಾನಿಂದ ಅವ್ರು ಪಾನಾ ಮುಟ್ಟೇ ಇಲ್ರಿ ಸಾಹೇಬ್ರ. ನಾ ಕ್ಯಾಂಟೀನದಾಗಿಂದ ಕಣ್ಣಾರೆ ನೋಡೀನ್ರಿ. ಬರೇ ನನ್ನ ಕಡೆ ಬಂದು ಮೈದಾಹಿಟ್ಟಿನ ಅಂಟು ಇಸ್ಕೊಂಡ್ರು. ಎರಡೂ ಗಾಡೀಗೆ ಹಚ್ಚಿದ್ದ ನಂಬರ್ ಕಾಗದ ಕಿತ್ರು. ಇದರದು ಅದಕ್ಕ, ಅದರದು ಇದಕ್ಕ ಹಚ್ಚಿದ್ರು. ಕುಂದ್ರೂ ಗಾದೀನೂ ಅದಲಿಬದಲಿ ಮಾಡಿದ್ರು. ಅಷ್ಟ ರೀ. ಬರೇ ಕೈಲೆ.”

ಟ್ಯಾಕ್ಸಿಯವನು ಹಾರ್ನು ಒತ್ತಿದ. ಮಹಡಿಯ ಮೆಟ್ಟಿಲಿನ ಮೇಲೆ ಚೆನ್ನಯಣ್ಣ ಕೋಟಿನ ಗುಂಡಿ ಹಾಕಿಕೊಳ್ಳುತ್ತ ಇಳಿದು ಬರುವುದು ಕಾಣುತ್ತಿತ್ತು. ಯಾವ ಗಾಡಿಯ ನಟ್ಟು ಸಡಿಲವಾಗಿದೆ ಎಂದು ನಿಂಗಣ್ಣನಿಗೆ ತಿಳಿಸಿದವನು ಅವನೇ, ಇನ್ನೊಂದು ಗಂಟೆಯಲ್ಲಿ ಕೋರ್ಟಿನೆದುರು ಅದನ್ನೇ ಹೇಳುವವನೂ ಅವನೇ.

ಹಾಲವ್ವ ನನ್ನ ಮುಖವನ್ನೇ ನೋಡುತ್ತಿದ್ದಳು.

“ಇಷ್ಟು ಹೇಳಿದ್ರ ಸಾಕಲ್ರಿ? ಬಿಡ್ತಾರಲ್ರಿ ಅವರನ್ನ?”